ಕ್ಲಾಸಿಗೆ ಇಪ್ಪತ್ತು ಜನ, ಮುಂದಿನ ಸೋಶಿಯಲ್‌ಗೆ ಇಬ್ರು: ಹೊಸಬ್ರು ಯಾಕೆ ವಾಪಸ್ ಬರಲ್ಲ?

ಪ್ರಶ್ನೆ: ನಾವು ಐದು ಜನ ಫ್ರೆಂಡ್ಸ್ ಸೇರಿ ಬೆಂಗಳೂರಿನ ಜೆ.ಪಿ. ನಗರದ ಕಡೆ ಒಂದು ಸ್ಟುಡಿಯೋ ಬಾಡಿಗೆಗೆ ತಗೊಂಡು ಹದಿನೈದು ದಿನಕ್ಕೊಂದ್ಸಲ ಶನಿವಾರ ಸಾಲ್ಸಾ-ಬಚಾಟಾ ಸೋಶಿಯಲ್ (ಜೋಡಿಯಾಗಿ ಕುಣಿಯೋ ಈ ಲ್ಯಾಟಿನ್ ಡ್ಯಾನ್ಸುಗಳಿಗೆ ಅಂತ ಜನ ಸೇರೋ ಸಂಜೆ) ನಡೆಸ್ತೀವಿ. 7ರಿಂದ 8 ಬಿಗಿನರ್ಸ್ ಕ್ಲಾಸ್, ಆಮೇಲೆ 11ರವರೆಗೆ ಸೋಶಿಯಲ್, ಟಿಕೆಟ್ 400 ರೂಪಾಯಿ. ಪ್ರತಿಸಲ 15–20 ಜನ ಹೊಸಬ್ರು ಬರ್ತಾರೆ, ಕ್ಲಾಸಲ್ಲಿ ನಗ್ತಾ ನಗ್ತಾ ಖುಷಿಯಾಗೇ ಇರ್ತಾರೆ, ಒಂಬತ್ತೂವರೆಗೆ ನೋಡಿದ್ರೆ ಅರ್ಧ ಜನ ಇಲ್ಲ. ಮುಂದಿನ ಸಲ ಅವರಲ್ಲಿ ಇಬ್ರು ಬಂದ್ರೆ ಹೆಚ್ಚು. ರೆಗ್ಯುಲರ್ಸ್ ಸುಮಾರು 40 ಜನ ಇದಾರೆ, ಒಳ್ಳೆಯವ್ರೇ, ಯಾರಿಗೂ ಜಂಬ ಇಲ್ಲ. ಒಬ್ಬ ಹುಡುಗಿ "ಎರಡು ಗಂಟೆ ಕುರ್ಚಿ ಮೇಲೇ ಕೂತಿದ್ದೆ, ಸಿಕ್ಕಿದ್ದು ಮೂರೇ ಡ್ಯಾನ್ಸ್" ಅಂತ ಮೆಸೇಜ್ ಮಾಡಿದ್ರು. ಇನ್ನೊಬ್ರು "ನನಗೆ ಬರೋದು ಎರಡು ಸ್ಟೆಪ್, ಯಾವ ಮುಖ ಇಟ್ಕೊಂಡು ಹೋಗಿ ಕರೀಲಿ" ಅಂದ್ರು. ಟಿಕೆಟ್ ಫ್ರೀ ಮಾಡೋಣ, ಕೊನೇಪಕ್ಷ ಹುಡುಗೀರಿಗಾದ್ರೂ, ಅಂತ ನಮ್ಮಲ್ಲೊಬ್ಬ. ಹೊಸಬ್ರಿಗೆ ಬ್ಯಾಡ್ಜ್ ಕೊಡೋಣ ಅಂತ ಇನ್ನೊಬ್ಬ. ಬೆಂಗಳೂರು ಜನಕ್ಕೆ ಸೀರಿಯಸ್‌ನೆಸ್ಸೇ ಇಲ್ಲ ಬಿಡು ಅಂತ ಮತ್ತೊಬ್ಬ. ಏನ್ ಮಾಡೋದು ಹೇಳಿ.

ಉತ್ತರ: ಹದಿನೈದಿಪ್ಪತ್ತು ಜನ ಹೊಸಬ್ರು ಪ್ರತಿಸಲ ಬರ್ತಿದಾರೆ ಅಂದ್ರೆ ನಿಮ್ಮ ಪ್ರಚಾರ ಚೆನ್ನಾಗಿದೆ, ಕ್ಲಾಸಲ್ಲಿ ನಗ್ತಿದಾರೆ ಅಂದ್ರೆ ಕಲಿಸೋರೂ ಚೆನ್ನಾಗಿದಾರೆ. ಹಾಗಾಗಿ ಅವೆರಡನ್ನ ಮುಟ್ಟೋಕೇ ಹೋಗ್ಬೇಡಿ. ನಿಮ್ಮ ತೊಂದ್ರೆ ಇರೋದು ಎಂಟು ಗಂಟೆಯಿಂದ ಒಂಬತ್ತೂವರೆ ನಡುವೆ, ಮತ್ತೆ ನಾನು ನೋಡಿರೋ ಹೆಚ್ಚುಕಮ್ಮಿ ಎಲ್ಲಾ ಸೋಶಿಯಲ್‌ಗಳಲ್ಲೂ ಜನ ಸೋರಿ ಹೋಗೋದು ಇದೇ ಜಾಗದಲ್ಲಿ.

ಎಂಟು ಗಂಟೆಗೆ ಏನಾಗುತ್ತೆ ಅಂತ ಸ್ವಲ್ಪ ಯೋಚನೆ ಮಾಡಿ. ಕ್ಲಾಸಲ್ಲಿ ಎರಡು ನಿಮಿಷಕ್ಕೊಂದ್ಸಲ ಕಲಿಸೋರು "ಚೇಂಜ್ ಪಾರ್ಟ್ನರ್" ಅಂತಾರೆ, ಎಲ್ಲರೂ ಒಂದು ಹೆಜ್ಜೆ ಪಕ್ಕಕ್ಕೆ ಹೋಗ್ತಾರೆ, ಯಾರೂ ಯಾರನ್ನೂ ಕೇಳ್ಬೇಕಾಗಿಲ್ಲ, ಯಾರೂ ಬೇಡ ಅನ್ನೋ ಹಾಗಿಲ್ಲ. ಒಂದು ಗಂಟೆಲಿ ಹತ್ತು ಹನ್ನೆರಡು ಜನರ ಕೈ ಹಿಡಿದು ಕುಣಿದಿರ್ತಾರೆ. ಎಂಟಕ್ಕೆ ಚಪ್ಪಾಳೆ, ಗ್ರೂಪ್ ಫೋಟೋ, ಲೈಟ್ ಡಿಮ್, ಡಿಜೆ ವಾಲ್ಯೂಮ್ ಏರಿಸ್ತಾರೆ, ಎಂಟೂವರೆಗೆ ರೆಗ್ಯುಲರ್ಸ್ ಒಬ್ಬೊಬ್ರಾಗಿ ಬಂದು ಒಬ್ಬರಿಗೊಬ್ರು ಹಗ್ ಮಾಡ್ಕೊಂಡು ಸೀದಾ ಫ್ಲೋರಿಗೆ ಇಳೀತಾರೆ. ಸ್ವಲ್ಪ ಹೊತ್ತಿನ ಹಿಂದೆ ಎಲ್ಲಾ ತಾನಾಗೇ ನಡೀತಿತ್ತು, ಈಗ ಗುರುತಿಲ್ಲದೋರ ಹತ್ರ ಹೋಗಿ ಕೈ ಚಾಚಿ ಕೇಳ್ಬೇಕು. ನಮ್ಮಲ್ಲಿ ಮದುವೆ ಮನೆಲಿ ಊಟಕ್ಕೆ ಕೂರೋಕೂ ಯಾರಾದ್ರೂ ಬನ್ನಿ ಅಂತ ಕರೀಲಿ ಅಂತ ಕಾಯೋ ಜನ ನಾವು, ಪರಿಚಯ ಇಲ್ಲದ ಹೆಣ್ಣುಮಗಳನ್ನ ಹೋಗಿ ಕುಣಿಯೋಕೆ ಕರೆಯೋದು ಅಂದ್ರೆ ಸಣ್ಣ ಮಾತಲ್ಲ. ಆಕೆಗೂ ಅಷ್ಟೇ, ತಾನೇ ಎದ್ದು ಹೋಗಿ ಕೇಳಿದ್ರೆ ಏನ್ ತಿಳ್ಕೋತಾರೋ ಅನ್ನೋದಿರುತ್ತೆ.

ಅಮೆರಿಕದಲ್ಲಿ ಕಾಂಟ್ರಾ ಡ್ಯಾನ್ಸ್ ಅಂತ ಒಂದಿದೆ, ಅಲ್ಲಿರೋ ನಮ್ಮ ಕನ್ನಡದವ್ರು ಕೆಲವರಾದ್ರೂ ನೋಡಿರ್ತೀರಿ, ಮೇರಿಲ್ಯಾಂಡ್‌ನ ಗ್ಲೆನ್ ಎಕೋ ಪಾರ್ಕಲ್ಲಿ 1933ರಲ್ಲಿ ಕಟ್ಟಿದ ಸ್ಪ್ಯಾನಿಷ್ ಬಾಲ್‌ರೂಮ್ ಇದ್ಯಲ್ಲ, ಅದು ಇದಕ್ಕೆ ಹೆಸರಾದ ಜಾಗಗಳಲ್ಲಿ ಒಂದು. ಉದ್ದಕ್ಕೆ ಎರಡು ಸಾಲು ನಿಲ್ತಾರೆ, ಕಾಲರ್ ಅಂತ ಒಬ್ರು ಮೊದಲು ಮ್ಯೂಸಿಕ್ ಇಲ್ಲದೆ ನಡೆಸಿ ತೋರಿಸ್ತಾರೆ, ಆಮೇಲೆ ಕುಣಿತಾ ಇರುವಾಗ್ಲೂ ಮುಂದೇನು ಅಂತ ಕೂಗಿ ಹೇಳ್ತಿರ್ತಾರೆ. 64 ಬೀಟಿಗೆ ಒಂದು ಸುತ್ತು ಮುಗಿಯುತ್ತೆ, ಪ್ರತಿ ಸುತ್ತಿಗೂ ಜೋಡಿ ಒಂದು ಜಾಗ ಮುಂದೆ ಹೋಗಿ ಹೊಸ ಜೋಡಿ ಎದುರಿಗೆ ನಿಲ್ಲುತ್ತೆ. ಹತ್ತು ನಿಮಿಷದ ಒಂದೇ ಡ್ಯಾನ್ಸಲ್ಲಿ ಸಾಲಿನ ಮುಕ್ಕಾಲು ಜನರ ಕೈ ಹಿಡಿದಿರ್ತೀರಿ. ನಮ್ಮ ಕೋಲಾಟದಲ್ಲಿ ಕೋಲು ತಟ್ಟುತ್ತಾ ಜೋಡಿ ಬದಲಾಗುತ್ತಲ್ಲ, ಸುಮಾರು ಅದೇ ಲೆಕ್ಕ. ಅಲ್ಲಿ ಹೊಸಬ್ರನ್ನ ಯಾರೂ ಕರುಣೆಯಿಂದ ಕರೀಬೇಕಾಗಿಲ್ಲ, ಕುಣಿತದ ರಚನೆನೇ ಆ ಕೆಲಸ ಮಾಡುತ್ತೆ. ಹಾಗಂತ ಅವ್ರಿಗೆ ಈ ತಲೆನೋವು ಇಲ್ವಾ ಅಂದ್ರೆ, ಇದೆ! ಪಳಗಿದವ್ರು ಮುಂದಿನ ಮೂರು ಡ್ಯಾನ್ಸಿಗೆ ಮೊದಲೇ ಪಾರ್ಟ್ನರ್ ಬುಕ್ ಮಾಡ್ಕೋತಾರೆ, ಹಾಲಿನ ಮಧ್ಯದ ಸಾಲಲ್ಲಿ ತಾವೇ ತುಂಬ್ಕೋತಾರೆ, ಹೊಸಬ್ರು ಅಂಚಿನ ಸಾಲಲ್ಲಿ ಹೊಸಬ್ರ ಜೊತೆನೇ ಗೊಂದಲ ಮಾಡ್ಕೊಂಡು ನಿಂತಿರ್ತಾರೆ. ಅರ್ಜೆಂಟೀನಾದ ಟ್ಯಾಂಗೋದವ್ರು ಇನ್ನೊಂಥರ, ದೂರದಿಂದ್ಲೇ ಕಣ್ಣಲ್ಲಿ ಕೇಳಿ ತಲೆ ಅಲ್ಲಾಡಿಸಿ ಒಪ್ಕೋತಾರೆ, ಬೇಡ ಅಂದ್ರೆ ಕಣ್ಣು ಬೇರೆ ಕಡೆ ತಿರುಗಿಸಿದ್ರಾಯ್ತು, ಯಾರ ಮಾನನೂ ಹೋಗಲ್ಲ. ಆದ್ರೆ ಆ ಕಣ್ಸನ್ನೆ ಗೊತ್ತಿಲ್ಲದ ಹೊಸಬ್ರಿಗೆ ರಾತ್ರಿ ಪೂರ್ತಿ ಕುರ್ಚಿನೇ ಗತಿ. ಸಾಲ್ಸಾ ಸೋಶಿಯಲ್‌ನಲ್ಲಿ ಕಾಂಟ್ರಾದ ಸಾಲೂ ಇಲ್ಲ, ಟ್ಯಾಂಗೋದ ಕಣ್ಸನ್ನೆನೂ ಇಲ್ಲ, ಹಾಗಾಗಿ ಆ ಕೆಲಸನ ನಡೆಸೋರೇ ಮಾಡ್ಬೇಕು.

ಈಗ ನಿಮ್ಮ ಫ್ರೆಂಡ್ಸ್ ಹೇಳಿದ್ದಕ್ಕೆ ಬರೋಣ. ಬೆಂಗಳೂರು ಜನಕ್ಕೆ ಸೀರಿಯಸ್‌ನೆಸ್ ಇಲ್ಲ ಅನ್ನೋದು ಸುಳ್ಳು. ಶನಿವಾರ ಸಂಜೆ ಟ್ರಾಫಿಕ್ಕಲ್ಲಿ ಒಂದು ಗಂಟೆ ಕೂತು, 400 ರೂಪಾಯಿ ಕೊಟ್ಟು, ಗುರುತಿಲ್ಲದೋರ ಮುಂದೆ ಸೊಂಟ ಅಲ್ಲಾಡಿಸೋಕೆ ಬಂದವ್ರು ಅದಕ್ಕಿಂತ ಇನ್ನೇನು ಸೀರಿಯಸ್ ಆಗ್ಬೇಕು ಸ್ವಾಮಿ. ಕೊನೆ ಮೆಟ್ರೋ ಹನ್ನೊಂದರ ಸುಮಾರಿಗೆ ಇರೋದ್ರಿಂದ ಹತ್ತೂಕಾಲಿಗೆ ಕೆಲವರು ಏಳ್ತಾರೆ, ಅದು ಸಹಜ, ಆದ್ರೆ ನಿಮ್ಮವ್ರು ಒಂಬತ್ತೂವರೆಗೇ ಎದ್ದಿದಾರೆ, ಅದಕ್ಕೆ ಮೆಟ್ರೋ ಕಾರಣ ಅಲ್ಲ.

"ಅವ್ರಿಗೆ ರಿದಮ್ ಇಲ್ಲ" ಅಂತನೂ ಕೆಲವರು ಅಂತಾರೆ, ನೀವು ಅಂದಿಲ್ಲ, ಆದ್ರೂ ಹೇಳಿಬಿಡ್ತೀನಿ. ಗಣೇಶನ ಮೆರವಣಿಗೆಲಿ ತಮಟೆ ಏಟಿಗೆ ಕಾಲು ತಪ್ಪದೆ ಕುಣಿಯೋ ಊರು ಇದು. ಆಗೋದು ಏನಂದ್ರೆ, ಕ್ಲಾಸಲ್ಲಿ ಒಂದು ಎರಡು ಮೂರು, ನಾಲ್ಕಕ್ಕೆ ನಿಲ್ಲಿ, ಐದು ಆರು ಏಳು, ಎಂಟಕ್ಕೆ ನಿಲ್ಲಿ ಅಂತ ನಿಧಾನಕ್ಕೆ ಎಣಿಸಿ ಕಲಿಸಿರ್ತೀವಿ. ಸಾಲ್ಸಾ ಹಾಡುಗಳು ಸಾಮಾನ್ಯವಾಗಿ ನಿಮಿಷಕ್ಕೆ 160ರಿಂದ 220 ಬೀಟ್ ಇರ್ತವೆ, ಡಿಜೆ ಎಂಟು ಗಂಟೆಗೇ 200ರ ಮೇಲಿಂದು ಹಾಕಿಬಿಟ್ರೆ ಅರ್ಧ ಗಂಟೆ ಹಿಂದೆ ಕಲಿತವ್ನ ಕಾಲು ಗಂಟು ಬೀಳದೆ ಇನ್ನೇನಾಗುತ್ತೆ? ಬಚಾಟಾ 120–140ರ ಹತ್ರ ಇರುತ್ತೆ, ಮೂರು ಹೆಜ್ಜೆ ಒಂದು ಟ್ಯಾಪ್, ಮೊದಲ ರಾತ್ರಿಗೆ ಅದೇ ಸುಲಭ. ಎಂಟರಿಂದ ಒಂಬತ್ತು ನಿಧಾನದ ಸಾಲ್ಸಾ, ಹಳೇ ರೊಮ್ಯಾಂಟಿಕ್ ಬಚಾಟಾ, ನಾಲ್ಕು ನಿಮಿಷ ದಾಟದ ಹಾಡು ಹಾಕಿ ಅಂತ ಡಿಜೆಗೆ ಮೊದಲೇ ಹೇಳಿ. ಇದರ ರಿಸ್ಕ್ ಏನಂದ್ರೆ ಪಳಗಿದವ್ರಿಗೆ ಬೋರ್ ಆಗಿ ಅವ್ರು ಒಂಬತ್ತಾದ್ಮೇಲೇ ಬರೋಕೆ ಶುರು ಮಾಡ್ತಾರೆ. ಅದಕ್ಕೆ ಕೊನೇ ಒಂದು ಗಂಟೆ ಪೂರ್ತಿ ಅವರದ್ದು ಅಂತ ಬಿಟ್ಕೊಡಿ, ಎಷ್ಟು ಫಾಸ್ಟ್ ಬೇಕೋ ಅಷ್ಟು. ಡಿಜೆಗಳು ಇದನ್ನ ಕೇಳಿ ಸ್ವಲ್ಪ ಮುಖ ಊದಿಸ್ಕೋತಾರೆ, ಪರವಾಗಿಲ್ಲ.

ಹುಡುಗೀರಿಗೆ ಫ್ರೀ ಅನ್ನೋದು ಮಾತ್ರ ಖಂಡಿತ ಬೇಡ. ಪಬ್‌ಗಳ ಲೇಡೀಸ್ ನೈಟ್ ಲೆಕ್ಕ ಅದು. ಫ್ರೀ ಎಂಟ್ರಿ ಅಂತ ಪೋಸ್ಟರ್ ಹಾಕಿದ ಮರುವಾರವೇ ಡ್ಯಾನ್ಸಿಗೆ ಬರೋರಿಗಿಂತ ಹುಡುಗೀರು ಸಿಗ್ತಾರೆ ಅಂತ ಬರೋ ಗಂಡಸರು ಜಾಸ್ತಿ ಆಗ್ತಾರೆ, ಆಮೇಲೆ ನಿಮಗೆ ಬೇಕಿದ್ದ ಹೆಣ್ಮಕ್ಕಳೇ ಬರೋದು ನಿಲ್ಲಿಸ್ತಾರೆ.

ಬ್ಯಾಡ್ಜ್ ಐಡಿಯಾ ಕೇಳೋಕೆ ಚೆನ್ನಾಗಿದೆ, ಅಪಾಯನೂ ಅಷ್ಟೇ ಇದೆ. "ನಾನು ಹೊಸಬಳು" ಅಂತ ಎದೆ ಮೇಲೆ ಬರ್ಕೊಂಡು ಕೂತವಳನ್ನ ಒಳ್ಳೆ ಡ್ಯಾನ್ಸರ್ ಮೊದಲು ನೋಡ್ತಾನೋ ಇಲ್ಲವೋ, ಪ್ರತಿ ಊರಿನ ಸೋಶಿಯಲ್‌ನಲ್ಲೂ ಒಬ್ನೋ ಇಬ್ರೋ ಇರ್ತಾರಲ್ಲ, ಯಾವುದು ಸರಿ ಯಾವುದು ತಪ್ಪು ಅಂತ ಇನ್ನೂ ಗೊತ್ತಿಲ್ಲದವ್ರನ್ನೇ ಹುಡುಕ್ಕೊಂಡು ಬರೋರು, ಅವ್ರು ಮೊದಲು ನೋಡ್ತಾರೆ. ಬ್ಯಾಡ್ಜನ್ನ ಹೋಸ್ಟ್‌ಗಳಿಗೆ ಹಾಕಿ. ರೆಗ್ಯುಲರ್ಸ್‌ನಲ್ಲಿ ನಾಲ್ಕು ಜನ ಆರಿಸಿ, ಇಬ್ರು ಲೀಡ್ (ಮೂವ್ ನಡೆಸೋರು), ಇಬ್ರು ಫಾಲೋ (ಅದನ್ನ ಅನುಸರಿಸೋರು), ಎದ್ದು ಕಾಣೋ ಬಣ್ಣದ ಬ್ಯಾಂಡ್ ಕಟ್ಟಿ, "ಈ ಬ್ಯಾಂಡ್ ಇರೋರನ್ನ ಯಾರು ಬೇಕಾದ್ರೂ ಕರೀಬಹುದು, ಅವ್ರು ಅದಕ್ಕೇ ಇರೋದು" ಅಂತ ಕ್ಲಾಸ್ ಕೊನೆಗೆ ಹೇಳಿ. ಕೆಲವು ಕಡೆ ಇವ್ರನ್ನ ಟ್ಯಾಕ್ಸಿ ಡ್ಯಾನ್ಸರ್ ಅಂತಾರೆ. ಎಂಟ್ರಿ ಫ್ರೀ ಕೊಡಿ, ಒಬ್ಬರಿಗೆ ಒಂದು ಗಂಟೆ ಅಷ್ಟೇ ಡ್ಯೂಟಿ, ಪ್ರತಿ ಸೋಶಿಯಲ್‌ಗೆ ಜನ ಬದಲಾಯಿಸಿ, ಇಲ್ಲಾಂದ್ರೆ ಮೂರು ತಿಂಗಳಿಗೆ ಸುಸ್ತಾಗಿ ಬಿಡ್ತಾರೆ. ಮತ್ತೆ ಆರಿಸುವಾಗ ಯಾರು ಚೆನ್ನಾಗಿ ಕುಣೀತಾರೆ ಅಂತ ನೋಡ್ಬೇಡಿ, ಯಾರ ಜೊತೆ ಕುಣಿದ್ರೆ ಹೊಸಬ್ರಿಗೆ ಕೈಕಾಲು ನಡುಗಲ್ವೋ ಅವ್ರನ್ನ ನೋಡಿ.

ಇನ್ನೊಂದು ವಿಷಯ ನಡೆಸೋರು ಬಹಳ ಸಲ ಗಮನಿಸಲ್ಲ. ಹೊಸ ಲೀಡ್‌ಗಳೂ ಹೊಸ ಫಾಲೋಗಳೂ ಒಂದೇ ಕಾರಣಕ್ಕೆ ಬಿಟ್ಟು ಹೋಗಲ್ಲ. ಹೊಸದಾಗಿ ಫಾಲೋ ಮಾಡೋರಿಗೆ ಒಳ್ಳೆ ಲೀಡ್ ಸಿಕ್ರೆ ಮೊದಲ ರಾತ್ರಿನೇ ಕುಣಿದ ಖುಷಿ ಸಿಗುತ್ತೆ. ಹೊಸ ಲೀಡ್‌ಗೆ ಹಾಗಲ್ಲ, ಬೀಟ್ ಹಿಡೀಬೇಕು, ಮುಂದಿನ ಮೂವ್ ನೆನಪಿಟ್ಕೋಬೇಕು, ಪಕ್ಕದೋರಿಗೆ ಡಿಕ್ಕಿ ಹೊಡಿಸ್ಬಾರದು, ಇದೆಲ್ಲಾ ಎರಡೇ ಸ್ಟೆಪ್ ಇಟ್ಕೊಂಡು. ಅವ್ರಿಗೆ ಮೊದಲ ಮೂರು ನಾಲ್ಕು ತಿಂಗಳು ನಿಜಕ್ಕೂ ನರಕ, ನಿಮಗೆ ಬರೆದ ಆ ಎರಡು ಸ್ಟೆಪ್ಪಿನವ್ರು ಹೇಳಿದ್ದು ಇದನ್ನೇ. ಅಂಥವ್ರಿಗೆ ಕ್ಲಾಸಲ್ಲಿ ಐದನೇ ಮೂವ್ ಕಲಿಸೋದ್ರಿಂದ ಏನೂ ಉಪಯೋಗ ಇಲ್ಲ. ಬೇಸಿಕ್, ಒಂದು ಸೈಡ್ ಸ್ಟೆಪ್, ಒಂದು ರೈಟ್ ಟರ್ನ್, ಈ ಮೂರರಲ್ಲೇ ಒಂದು ಪೂರ್ತಿ ಹಾಡು ಕುಣಿಸಿಬಿಡಿ, ಮತ್ತೆ ಯಾರನ್ನ ಹೇಗೆ ಕರೀಬೇಕು, ಬೇಡ ಅಂದ್ರೆ "ಪರವಾಗಿಲ್ಲ" ಅಂತ ನಕ್ಕು ಹೇಗೆ ಹೋಗ್ಬೇಕು ಅನ್ನೋದನ್ನೂ ಕ್ಲಾಸಲ್ಲೇ ಐದು ನಿಮಿಷ ಆಡಿಸಿ. ಬಹಳ ನಗು ಬರುತ್ತೆ, ಬಹಳ ಕೆಲಸಕ್ಕೂ ಬರುತ್ತೆ.

ಹೊಸ ಫಾಲೋಗಳು, ಅದ್ರಲ್ಲೂ ಹೆಣ್ಮಕ್ಕಳು, ಬಿಟ್ಟು ಹೋಗೋದು ಒಂದೋ ಕುರ್ಚಿ ಕಾದು, ಇಲ್ಲಾ ಒಂದು ಕೆಟ್ಟ ಡ್ಯಾನ್ಸಿಂದ. ಕೆಟ್ಟದು ಅಂದ್ರೆ ದೊಡ್ಡ ಘಟನೆನೇ ಆಗ್ಬೇಕಂತಿಲ್ಲ. ಮೈ ಹತ್ರ ಇಟ್ಟು ಕುಣಿಯೋ ಸೆನ್ಷುವಲ್ ಬಚಾಟಾ ಕಲಿತವ್ನು ಮೊದಲ ಸಲ ಬಂದವಳಿಗೆ ಬಾಡಿ ವೇವ್ (ಮೈ ಅಲೆ ಥರ ಬಳುಕಿಸೋದು) ಹಾಕೋದು, ಕೇಳದೆ ಹಿಂದಕ್ಕೆ ಬಗ್ಗಿಸಿ ಡಿಪ್ ಮಾಡೋದು (ಕುತ್ತಿಗೆ, ಸೊಂಟ ಉಳುಕೋದು ಹೀಗೇನೇ), ಹಾಡಿನ ಮಧ್ಯೆ ನಿಲ್ಲಿಸಿ "ಹಾಗಲ್ಲ, ಹೀಗೆ" ಅಂತ ಪಾಠ ಶುರು ಮಾಡೋದು. ಮೂರನೇದು ಒಳ್ಳೆಯವ್ರೇ ಮಾಡೋ ತಪ್ಪು, ಪ್ರೀತಿಯಿಂದ್ಲೇ ಮಾಡ್ತಾರೆ, ಆದ್ರೆ ಕೇಳಿಸ್ಕೊಳ್ಳೋರಿಗೆ ಅದು "ನಿನಗೆ ಬರಲ್ಲ" ಅಂತ್ಲೇ ಕೇಳ್ಸೋದು. ನಿಯಮ ಸಿಂಪಲ್ ಆಗಿರ್ಲಿ: ಫ್ಲೋರ್ ಮೇಲೆ ಕೇಳದೆ ಪಾಠ ಇಲ್ಲ, ಹೊಸಬ್ರಿಗೆ ಡಿಪ್ ಇಲ್ಲ, ಅಂತರ ಎಷ್ಟು ಅನ್ನೋದನ್ನ ಫಾಲೋ ಮಾಡೋರು ತೀರ್ಮಾನ ಮಾಡ್ತಾರೆ, ಯಾರು ಬೇಕಾದ್ರೂ ಕಾರಣ ಹೇಳದೆ ಬೇಡ ಅನ್ನಬಹುದು. ಇದನ್ನ ಬಾಗಿಲ ಹತ್ರ ಕನ್ನಡ ಇಂಗ್ಲಿಷ್ ಎರಡರಲ್ಲೂ ಅಂಟಿಸಿ, ತೊಂದ್ರೆ ಆದ್ರೆ ಯಾರ ಹತ್ರ ಹೇಳ್ಬೇಕು ಅಂತ ಒಂದು ಹೆಸರು ಹಾಕಿ, ಅದು ಹೆಣ್ಣುಮಗಳದ್ದಾದ್ರೆ ಒಳ್ಳೇದು. 10 ಅಥವಾ ಅದಕ್ಕಿಂತ ಹೆಚ್ಚು ಜನ ಕೆಲಸ ಮಾಡೋ ಕಡೆ 2013ರ ಲೈಂಗಿಕ ಕಿರುಕುಳ ತಡೆ ಕಾಯ್ದೆ ಪ್ರಕಾರ ಆಂತರಿಕ ಸಮಿತಿ ಇರ್ಲೇಬೇಕು, ಸ್ಟುಡಿಯೋ ದೊಡ್ಡದಾಗಿದ್ರೆ ಮಾಲೀಕರನ್ನ ಕೇಳಿ ನೋಡಿ. ಇಲ್ಲಿರೋ ರಿಸ್ಕ್ ಒಂದೇ, ದೂರು ಬಂದಾಗ ಆ ಮನುಷ್ಯ ನಿಮ್ಮ ಒಳ್ಳೆ ಫ್ರೆಂಡ್ ಆಗಿರ್ತಾನೆ, ಇಲ್ಲಾ ಊರಿಗೇ ಒಳ್ಳೆ ಡ್ಯಾನ್ಸರ್ ಆಗಿರ್ತಾನೆ. ಆಗ ಏನ್ ಮಾಡ್ತೀರಿ ಅಂತ ಐದೂ ಜನ ಕೂತು ಈಗ್ಲೇ ಮಾತಾಡ್ಕೊಳ್ಳಿ.

ಸರಿ, ಎಂಟು ಗಂಟೆಯ ಆ ಖಾಲಿ ಜಾಗನ ತುಂಬೋದು ಹೇಗೆ. ಕ್ಲಾಸನ್ನ ಮುಗಿಸ್ಲೇಬೇಡಿ. ಐದಾರು ರೆಗ್ಯುಲರ್ಸ್‌ಗೆ 7:45ಕ್ಕೇ ಬನ್ನಿ ಅಂತ ಹೇಳಿ, ಎಂಟಕ್ಕೆ ಚಪ್ಪಾಳೆ ಫೋಟೋ ಯಾವುದೂ ಬೇಡ, ಅವ್ರು ಅದೇ ಸರ್ಕಲ್ಲಿಗೆ ಸೇರ್ಕೊಳ್ಳಲಿ, ನಿಜವಾದ ಹಾಡು ಶುರುವಾಗ್ಲಿ, ಕಲಿಸೋರು ಇನ್ನೂ ಮೂರು ಹಾಡು "ಚೇಂಜ್" ಅಂತ ಕೂಗ್ತಾ ಇರ್ಲಿ. ಸೋಶಿಯಲ್ ಯಾವಾಗ ಶುರುವಾಯ್ತು ಅಂತ್ಲೇ ಯಾರಿಗೂ ಗೊತ್ತಾಗ್ಬಾರದು. ಇದು ಎಲ್ಲಕ್ಕಿಂತ ಅಗ್ಗದ ಉಪಾಯ, ನನಗೆ ಎಲ್ಲಕ್ಕಿಂತ ನಂಬಿಕೆ ಇರೋದೂ ಇದರ ಮೇಲೇ.

ಒಂಬತ್ತರ ಸುಮಾರಿಗೆ ಒಂದು ಸ್ನೋಬಾಲ್ ಇಡಬಹುದು, ಸ್ವಿಂಗ್ ಡ್ಯಾನ್ಸ್‌ನವರ ಹಳೇ ಆಟ ಅದು: ಒಂದೇ ಜೋಡಿ ಶುರು ಮಾಡುತ್ತೆ, ಸ್ವಲ್ಪ ಹೊತ್ತಿಗೆ "ಸ್ನೋಬಾಲ್!" ಅಂತ ಕೂಗಿದ್ರೆ ಇಬ್ರೂ ಬಿಟ್ಟು ಹೊರಗಿರೋರನ್ನ ಒಬ್ಬೊಬ್ರನ್ನ ಎಳ್ಕೊಂಡು ಬರ್ತಾರೆ, ಎರಡು ನಾಲ್ಕಾಗಿ ನಾಲ್ಕು ಎಂಟಾಗಿ ಇಡೀ ಹಾಲ್ ಫ್ಲೋರ್ ಮೇಲಿರುತ್ತೆ. ಕ್ಯೂಬಾದ ರುಎಡಾನೂ ಆಗುತ್ತೆ, 1950ರ ದಶಕದ ಹವಾನಾದಲ್ಲಿ ಬೆಳೆದದ್ದು, ವೃತ್ತದಲ್ಲಿ ನಿಂತು ಒಬ್ರು ಕೂಗಿದ ಮೂವನ್ನ ಎಲ್ಲರೂ ಒಟ್ಟಿಗೆ ಮಾಡಿ ಪಾರ್ಟ್ನರ್ ಬದಲಾಯಿಸೋದು, ಆದ್ರೆ ಅದಕ್ಕೆ ಕೂಗೋಕೆ ಬರೋರು ಬೇಕು. ಎರಡರಲ್ಲೂ ಒಂದು ತೊಂದ್ರೆ ಇದೆ, ಬಲವಂತ ಅನ್ನಿಸಿದ್ರೆ ರೆಗ್ಯುಲರ್ಸ್ ಅದೇ ಹೊತ್ತಿಗೆ ಸರಿಯಾಗಿ ನೀರು ಕುಡಿಯೋಕೆ, ಬಾತ್‌ರೂಮಿಗೆ ಅಂತ ಮಾಯ ಆಗ್ತಾರೆ, ಮುಟ್ಟೋದು ಇಷ್ಟ ಇಲ್ಲದೋರಿಗೆ ಸಂಕಟನೂ ಆಗುತ್ತೆ. ರಾತ್ರಿಗೆ ಒಂದೇ ಸಲ ಇಡಿ, ಬೇಡ ಅನ್ನೋರನ್ನ ಎಳೀಬೇಡಿ.

ರೆಗ್ಯುಲರ್ಸ್ ಒಳ್ಳೆಯವ್ರು ಅಂದ್ರಿ, ನಂಬ್ತೀನಿ. ಅವ್ರ ಕಡೆಯಿಂದ್ಲೂ ನೋಡ್ಬೇಕು, ವಾರವೆಲ್ಲಾ ಆಫೀಸಲ್ಲಿ ದುಡಿದು ಮೂರು ಗಂಟೆ ಚೆನ್ನಾಗಿ ಕುಣಿಯೋಣ ಅಂತ ಬಂದಿರ್ತಾರೆ, ಅದೇನೂ ಸ್ವಾರ್ಥ ಅಲ್ಲ. ಮೈಕಲ್ಲಿ "ದಯವಿಟ್ಟು ಹೊಸಬ್ರ ಜೊತೆ ಡ್ಯಾನ್ಸ್ ಮಾಡಿ" ಅಂತ ಅನೌನ್ಸ್ ಮಾಡಿದ್ರೆ ಪ್ರತಿಯೊಬ್ರೂ ಬೇರೆಯವ್ರು ಮಾಡ್ತಾರೆ ಬಿಡು ಅಂತಾರೆ. ಲೆಕ್ಕ ಹಾಕಿ: ಮೂರು ಗಂಟೆಗೆ ಸುಮಾರು 40 ಹಾಡು ಬರ್ತವೆ. 40 ರೆಗ್ಯುಲರ್ಸ್ ಒಬ್ಬೊಬ್ರು ಎರಡೇ ಹಾಡು ಹೊಸಬ್ರಿಗೆ ಕೊಟ್ರೆ 80 ಡ್ಯಾನ್ಸ್ ಆಯ್ತು, 20 ಜನ ಹೊಸಬ್ರಿಗೆ ತಲಾ ನಾಲ್ಕು. ಅವ್ರವ್ರೇ ಕುಣಿಯೋದು, ಹೋಸ್ಟ್‌ಗಳ ಜೊತೆಯದ್ದು ಸೇರಿ ಹತ್ತರ ಹತ್ರ ಹೋಗುತ್ತೆ, ಆ ಕುರ್ಚಿಲಿ ಕೂತಿದ್ದ ಹುಡುಗಿಗೆ ಸಿಕ್ಕಿದ್ದು ಮೂರು. ರೆಗ್ಯುಲರ್ಸ್ ಕಳ್ಕೊಳ್ಳೋದು 40ರಲ್ಲಿ ಎರಡು. ಈ ಲೆಕ್ಕನ ಒಬ್ಬೊಬ್ರಿಗೇ, ಕಾಫಿ ಕುಡೀತಾ, ಹೆಸರು ಹಿಡಿದು ಹೇಳಿ: "ಒಂಬತ್ತೂವರೆ ಒಳಗೆ ಎರಡು ಹಾಡು, ಅಷ್ಟೇ ಕೇಳ್ತಿರೋದು." ಲೆಕ್ಕ ನೋಡಿದ್ಮೇಲೆ ಇಲ್ಲ ಅಂದವ್ರು ಬಹಳ ಕಮ್ಮಿ.

ಇನ್ನು ಸಣ್ಣಪುಟ್ಟದ್ದು. ಕ್ಲಾಸ್ ಪೂರ್ತಿ ಇಂಗ್ಲಿಷಲ್ಲೇ ನಡೆಸ್ತೀರಾ ಅಂತ ನೀವು ಬರೆದಿಲ್ಲ, ಆದ್ರೆ ಇಲ್ಲಿ ಹೆಚ್ಚಿನ ಕಡೆ ಹಾಗೇ. ಜೆ.ಪಿ. ನಗರ, ಬನಶಂಕರಿ, ಬಸವನಗುಡಿ ಕಡೆಯಿಂದ ಬರೋರಲ್ಲಿ ಮನೆಲೂ ಆಫೀಸಲ್ಲೂ ಕನ್ನಡನೇ ಮಾತಾಡೋರು ಬೇಕಾದಷ್ಟು ಜನ ಇರ್ತಾರೆ, ಇಂಗ್ಲಿಷ್ ಅರ್ಥ ಆಗಲ್ಲ ಅಂತಲ್ಲ, ಹಾಲಲ್ಲಿ ಎಲ್ಲರೂ ಅದೇ ಮಾತಾಡ್ತಿದ್ರೆ ಇದು ನಮ್ಮಂಥವ್ರ ಜಾಗ ಅಲ್ವೇನೋ ಅಂತ ಅನ್ನಿಸಿಬಿಡುತ್ತೆ. ಬಾಗಿಲಲ್ಲಿ ಒಬ್ರು "ಬನ್ನಿ, ಫಸ್ಟ್ ಟೈಮಾ?" ಅಂದ್ರೂ ಬಹಳ ವ್ಯತ್ಯಾಸ ಆಗುತ್ತೆ. ರಬ್ಬರ್ ಸೋಲಿನ ಸ್ಪೋರ್ಟ್ಸ್ ಶೂ ಹಾಕ್ಕೊಂಡು ಬಂದವ್ರಿಗೆ ಜಾಸ್ತಿ ತಿರುಗಿಸ್ಬೇಡಿ, ಕಾಲು ನೆಲಕ್ಕೆ ಕಚ್ಕೊಂಡು ಮಂಡಿ ತಿರುಚುತ್ತೆ, ಹಾಗಂತ ಫ್ಲೋರಿಗೆ ಪೌಡರ್ ಉದುರಿಸೋ ಚಾಳಿನೂ ಬೇಡ, ಪಕ್ಕದವ್ರು ಜಾರಿ ಬೀಳ್ತಾರೆ. ಇನ್ನು ಬಂದವ್ರ ನಂಬರನ್ನೆಲ್ಲಾ ಕೇಳದೆ ವಾಟ್ಸಾಪ್ ಗ್ರೂಪಿಗೆ ಹಾಕ್ಬೇಡಿ. ಗ್ರೂಪಲ್ಲಿ ಪ್ರತಿ ಹೆಣ್ಣುಮಗಳ ನಂಬರ್ ಎಲ್ಲರಿಗೂ ಕಾಣುತ್ತೆ, ರಾತ್ರಿ ಹನ್ನೆರಡಕ್ಕೆ ಯಾರೋ "ಹಾಯ್" ಅಂದ್ರೆ ಅಲ್ಲಿಗೆ ಮುಗೀತು. ವಾಟ್ಸಾಪ್ ಕಮ್ಯುನಿಟಿಯ ಅನೌನ್ಸ್‌ಮೆಂಟ್ ಗ್ರೂಪಲ್ಲಿ ಮೆಂಬರ್‌ಗಳ ನಂಬರ್ ಒಬ್ಬರಿಗೊಬ್ರಿಗೆ ಕಾಣಲ್ಲ, ಅದನ್ನ ಬಳಸಿ. ವಿಡಿಯೋ ಹಾಕೋ ಮುಂಚೆನೂ ಕೇಳಿ, ಮನೇಲಿ ಹೇಳದೆ ಬಂದವ್ರು ನೀವು ಅಂದ್ಕೊಂಡಿರೋದಕ್ಕಿಂತ ಜಾಸ್ತಿ ಇರ್ತಾರೆ.

ಟಿಕೆಟ್ ವಿಷಯ. 400 ಇರ್ಲಿ, ಮೊದಲ ಸಲ ಬರೋಕೆ ಜನಕ್ಕೆ ದುಡ್ಡು ಅಡ್ಡಿ ಆಗ್ತಿಲ್ಲ ಅನ್ನೋದಕ್ಕೆ ನಿಮ್ಮ ತುಂಬಿದ ಕ್ಲಾಸೇ ಸಾಕ್ಷಿ. ಡಿಸ್ಕೌಂಟ್ ಕೊಡೋದಾದ್ರೆ ಎರಡನೇ ಸಲಕ್ಕೆ ಕೊಡಿ, ಒಂದು ತಿಂಗಳೊಳಗೆ ವಾಪಸ್ ಬಂದ್ರೆ ಅರ್ಧ ದುಡ್ಡು, ಗಂಡಸು ಹೆಂಗಸು ಎಲ್ಲರಿಗೂ ಒಂದೇ. ಬಾಡಿಗೆ ಹುಟ್ಟದೆ ಹೋಗೋ ರಿಸ್ಕ್ ಇದ್ರಲ್ಲಿ ಕಮ್ಮಿ, ಯಾಕಂದ್ರೆ ಈಗ ಆ ಜನ ಬರ್ತಾನೇ ಇಲ್ವಲ್ಲ. ಬಾಗಿಲಲ್ಲಿ ಹೆಸರು ಬರ್ಕೊಳ್ಳೋರು ಎರಡನೇ ಸಲ ಬಂದವ್ರ ಮುಂದೆ ಒಂದು ಟಿಕ್ ಹಾಕ್ಲಿ. ಮೊದಲು ಎಂಟು ಗಂಟೆಯ ಮೂರು ಹಾಡು ಮತ್ತೆ ಹೋಸ್ಟ್‌ಗಳು, ಈ ಎರಡನ್ನೇ ಶುರು ಮಾಡಿ, ಎಲ್ಲಾ ಒಟ್ಟಿಗೆ ಮಾಡಿದ್ರೆ ಯಾವುದು ಕೆಲಸ ಮಾಡ್ತು ಅಂತ ಗೊತ್ತಾಗಲ್ಲ. ಆರು ಸೋಶಿಯಲ್ ಆದ್ಮೇಲೆ ಟಿಕ್ ಎಣಿಸಿ. ಇಬ್ರ ಜಾಗದಲ್ಲಿ ಐದಾರು ಜನ ಬರ್ತಿದ್ರೆ ಬಹಳ ಚೆನ್ನಾಗಿ ನಡೀತಿದೆ ಅಂತ ಅರ್ಥ, ಇಪ್ಪತ್ತಕ್ಕೆ ಇಪ್ಪತ್ತೂ ಉಳಿಯೋ ಸೋಶಿಯಲ್ ನಾನಂತೂ ಎಲ್ಲೂ ನೋಡಿಲ್ಲ. ಇಬ್ರಲ್ಲೇ ನಿಂತಿದ್ರೆ ಟಿಕ್ ಬಿದ್ದಿಲ್ಲದವ್ರಲ್ಲಿ ಮೂರು ನಾಲ್ಕು ಜನಕ್ಕೆ ಫೋನ್ ಮಾಡಿ, "ಮತ್ತೆ ಬನ್ನಿ" ಅನ್ನೋಕಲ್ಲ, ಒಂಬತ್ತು ಗಂಟೆಗೆ ಎಲ್ಲಿ ಕೂತಿದ್ರಿ, ಯಾರು ಬಂದು ಮಾತಾಡಿಸಿದ್ರು ಅಂತ ಕೇಳೋಕೆ.